ಅಡಿಕೆ ಬೇಯಿಸುವ ಒಲೆಯ ಬಾಗಿಲು ಮತ್ತು ಮಾಡು: ಮಳೆ ಹಿಡಿಯುವ ಮೊದಲು ಮಾಡಬೇಕಾದ ಕೆಲಸ

ಅಡಿಕೆ ಬೇಯಿಸುವ ಒಲೆ ಉರಿಯುವುದು ವರ್ಷದಲ್ಲಿ ಮೂರೋ ನಾಲ್ಕೋ ತಿಂಗಳು. ಮಿಕ್ಕ ಕಾಲವೆಲ್ಲ ಅದು ಅಂಗಳದಾಚೆ ತಣ್ಣಗೆ ಕೂತಿರುತ್ತದೆ, ಹಾಳಾಗುವುದೂ ಆವಾಗಲೇ. ಸಾಗರ, ಹೊಸನಗರ, ತೀರ್ಥಹಳ್ಳಿ, ಕೊಪ್ಪ, ಶಿರಸಿ, ಸಿದ್ದಾಪುರದ ಕಡೆ ಕೆಂಪಡಿಕೆ (ಹಸಿ ಅಡಿಕೆ ಸುಲಿದು ಬೇಯಿಸಿ ಒಣಗಿಸಿದ್ದು) ಮಾಡುವವರ ಮನೆಗಳಲ್ಲಿ ಈ ಒಲೆ ಸಾಮಾನ್ಯವಾಗಿ ಮನೆಯಿಂದ ಹೊರಗೆ, ತಗಡಿನ ಮಾಡಿನ (ಛಾವಣಿಯ) ಕೆಳಗೆ ಇರುತ್ತದೆ. ಕೊನೆಯ ಹಂಡೆ ಇಳಿಸಿದ ಮೇಲೆ ಬಾಗಿಲು ಎಳೆದು ಬಂದರೆ ಮತ್ತೆ ಅದರ ಹತ್ತಿರ ಹೋಗುವುದು ಮುಂದಿನ ಕೊಯ್ಲು ಹತ್ತಿರವಾದಾಗ. ಅಷ್ಟರಲ್ಲಿ ಬಾಗಿಲ ಕೆಳಅಂಚು ತುಕ್ಕು ಹಿಡಿದು ಪದರ ಪದರವಾಗಿ ಉದುರುತ್ತಿರುತ್ತದೆ, ಹೊಗೆಕೊಳವೆಯ ಬುಡದಲ್ಲಿ ತಗಡು ತೂತಾಗಿರುತ್ತದೆ. ಅಡಿಕೆ ಕೊನೆ ಕೊಯ್ಯುವವರು ಮರ ಹತ್ತಿದ ದಿನ ವೆಲ್ಡಿಂಗ್‌ನವರು ಸಿಗುವುದಿಲ್ಲ.

ಈ ಕೆಲಸಕ್ಕೆ ಸರಿಯಾದ ಕಾಲ ಬೇಯಿಸುವುದು ಮುಗಿದ ಮೇಲಿನ ಎರಡು ವಾರ. ತಪ್ಪಿದರೆ ಏಪ್ರಿಲ್, ಹೆಚ್ಚೆಂದರೆ ಮೇ ಮೊದಲ ವಾರ. ಬಣ್ಣ ಒಣಗಬೇಕು, ಮಣ್ಣಿನ ಗಾರೆ ಆರಬೇಕು, ಮಾಡಿನ ಮೇಲೆ ಪಾಚಿ ಇಲ್ಲದೆ ಕಾಲು ನಿಲ್ಲಬೇಕು. ಆಗಸ್ಟಿನಲ್ಲಿ ಇವು ಮೂರೂ ಆಗುವುದಿಲ್ಲ.

ದಕ್ಷಿಣ ಕನ್ನಡದ ಚಾಲಿ ಅಡಿಕೆಗೆ (ಹಣ್ಣಡಿಕೆಯನ್ನು ಒಣಗಿಸಿ ಸುಲಿದದ್ದು) ಬೇಯಿಸುವ ಕೆಲಸವೇ ಇಲ್ಲದ್ದರಿಂದ ಇಲ್ಲಿ ಹೇಳುವುದೆಲ್ಲ ಘಟ್ಟದ ಮೇಲಿನ ಒಲೆಗಳಿಗೆ. ಬಾಗಿಲಿನ ಭಾಗವನ್ನು ಮಾತ್ರ ಹೊರಗಿನ ಬಚ್ಚಲ ಒಲೆಗೂ ಹಾಗೆಯೇ ಬಳಸಬಹುದು.

ಮೊದಲು ಬೂದಿ

ಯಾವ ರಿಪೇರಿಗೂ ಮುಂಚೆ ಒಲೆಯನ್ನು ಪೂರ್ತಿ ಖಾಲಿ ಮಾಡಿ. ಕಟ್ಟಿಗೆ ಬೂದಿಯಲ್ಲಿ ಪೊಟ್ಯಾಸಿಯಂ ಲವಣಗಳಿರುತ್ತವೆ. ಅವು ಗಾಳಿಯಲ್ಲಿನ ತೇವವನ್ನು ಎಳೆದುಕೊಂಡು ಒದ್ದೆಯಾಗಿಯೇ ಉಳಿಯುತ್ತವೆ. ಮಳೆ ಹನಿ ಒಂದೂ ಒಳಗೆ ಬೀಳದಿದ್ದರೂ ಜೂನ್ ಕೊನೆಯ ಹೊತ್ತಿಗೆ ಬೂದಿ ಮುಟ್ಟಿದರೆ ಕೈಗೆ ಅಂಟುತ್ತದೆ. ಅಂಥ ಬೂದಿ ಕಬ್ಬಿಣಕ್ಕೆ ಒತ್ತಿಕೊಂಡು ನಾಲ್ಕು ತಿಂಗಳು ಕೂತರೆ 6 ಮಿ.ಮೀ. ಪ್ಲೇಟಿಗೂ ಗುಳಿ ಬೀಳುತ್ತದೆ. ತುಕ್ಕು ಯಾವಾಗಲೂ ಬಾಗಿಲ ಕೆಳಗಿನ ಅಂಚಿನಿಂದ, ಚೌಕಟ್ಟಿನ ಕೆಳಪಟ್ಟಿಯಿಂದ ಶುರುವಾಗುವುದಕ್ಕೆ ಕಾರಣ ಇದೇ. ಬೂದಿ ಕೂರುವುದು ಅಲ್ಲಿ.

ಹೊಸ ಬೂದಿಯನ್ನು ತೆಗೆಯುವಾಗ ಒಳಗೆ ಕೆಂಡ ಉಳಿದಿರಬಹುದು. ಎರಡು ದಿನ ಬಿಟ್ಟು ತೆಗೆಯಿರಿ, ತಗಡಿನ ಡಬ್ಬದಲ್ಲೇ ತುಂಬಿ. ಗೋಣಿಚೀಲ, ಪ್ಲಾಸ್ಟಿಕ್ ಬುಟ್ಟಿ ಬೇಡ. ಜಾಲರಿಯ ಸರಳುಗಳ ಸಂದಿ, ಬೂದಿಗುಂಡಿಯ ಮೂಲೆ, ಚೌಕಟ್ಟಿನ ಹಿಂಬದಿ, ಇಷ್ಟನ್ನೂ ಮೊದಲು ಸಣ್ಣ ಕರಣೆಯಿಂದ ಕೆರೆದು ಆಮೇಲೆ ಹಳೆಯ ಬ್ರಷ್ಷಿನಿಂದ ಗುಡಿಸಬೇಕು. ಒಲೆಯ ಒಳಗೆ ನೀರು ಹಾಕಿ ತೊಳೆಯಬೇಡಿ. ಇಟ್ಟಿಗೆ ಕುಡಿದ ನೀರು ಆರಲು ವಾರಗಟ್ಟಲೆ ಬೇಕು.

ಬಾಗಿಲು

ಮೊದಲೆಲ್ಲ ಒಲೆಗೆ ಬಾಯಿ ಮಾತ್ರ ಇತ್ತು, ಬಾಗಿಲಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ (ಗ್ರಾಮೀಣ ತಂತ್ರಜ್ಞಾನ) ತಂಡ 1980ರ ದಶಕದಲ್ಲಿ ರೂಪಿಸಿದ ಅಸ್ತ್ರ ಒಲೆಯ ತತ್ವ ಸರಳ: ಕಟ್ಟಿಗೆ ಜಾಲರಿಯ ಮೇಲೆ ಇರಲಿ, ಗಾಳಿ ಜಾಲರಿಯ ಕೆಳಗಿಂದ ಬರಲಿ, ಕಟ್ಟಿಗೆ ಹಾಕುವ ಬಾಯಿ ಮುಚ್ಚಿರಲಿ. ಈಗ ಅಡಿಕೆ ಬೇಯಿಸುವ ಸುಧಾರಿತ ಒಲೆಗಳೂ ಇದೇ ಲೆಕ್ಕದಲ್ಲಿ ಕೆಲಸ ಮಾಡುತ್ತವೆ. ಆದ್ದರಿಂದ ಬಾಗಿಲು ಸಡಿಲವಾದರೆ ನಷ್ಟ ನೇರವಾಗಿ ಕಟ್ಟಿಗೆಯಲ್ಲಿ ಕಾಣುತ್ತದೆ. ಸಂದಿಯಿಂದ ನುಗ್ಗಿದ ತಣ್ಣನೆ ಗಾಳಿ ಕೆಂಡದ ಮೂಲಕ ಹೋಗದೆ ಉರಿಯ ಮೇಲಿಂದ ಹಾದು ಹಂಡೆಯ ತಳವನ್ನು ತಣಿಸಿ ಕೊಳವೆ ಸೇರುತ್ತದೆ. ಕಟ್ಟಿಗೆ ತುರುಕಿದಷ್ಟೂ ಉರಿ ಜೋರಾಗಿ ಕಾಣುತ್ತದೆ, ಚೊಗರು (ಅಡಿಕೆ ಬೇಯಿಸುವ ಒಗರು ರಸ) ಮಾತ್ರ ಕುದಿಯಲು ತಡ ಮಾಡುತ್ತದೆ.

ಬಾಗಿಲು ಬಿಗಿಯಾಗಿದೆಯೇ ಎಂದು ನೋಡಲು ಎರಡು ಪರೀಕ್ಷೆ ಸಾಕು. ರಾತ್ರಿ ಒಲೆಯೊಳಗೆ ಉರಿಯುವ ಟಾರ್ಚ್ ಇಟ್ಟು ಬಾಗಿಲು ಹಾಕಿ, ಹೊರಗಿನ ದೀಪ ಆರಿಸಿ ನೋಡಿ. ಬೆಳಕಿನ ಗೆರೆ ಕಂಡ ಕಡೆಯೆಲ್ಲ ಸೀಮೆಸುಣ್ಣದ ಗುರುತು ಹಾಕಿ. ಆಮೇಲೆ ಎರಡು ಬೆರಳಗಲದ ಪೇಪರ್ ಪಟ್ಟಿಯನ್ನು ಬಾಗಿಲು ಮತ್ತು ಚೌಕಟ್ಟಿನ ನಡುವೆ ಇಟ್ಟು ಚಿಲಕ ಹಾಕಿ ಎಳೆಯಿರಿ. ನಾಲ್ಕೂ ಬದಿಯಲ್ಲಿ, ಒಂದೊಂದು ಬದಿಗೆ ಮೂರು ಕಡೆ. ಪೇಪರ್ ಬಿಗಿಯಾಗಿ ಬಂದರೆ ಸರಿ, ಸರಕ್ಕನೆ ಜಾರಿ ಬಂದರೆ ಅಲ್ಲಿ ಗಾಳಿ ಹೋಗುತ್ತಿದೆ. ಎಲ್ಲ ಕಡೆ ಸಡಿಲವಿದ್ದರೆ ಚಿಲಕದ ತೊಂದರೆ, ಒಂದು ಬದಿ ಮಾತ್ರ ಸಡಿಲವಿದ್ದರೆ ಕೀಲು ಅಥವಾ ಹಗ್ಗದ್ದು. ಅಂಚಿನ ನಡುವೆ ಮಾತ್ರ ಸಡಿಲವಾಗಿ ಮೂಲೆಗಳು ಬಿಗಿಯಿದ್ದರೆ ಪ್ಲೇಟೇ ಡೊಂಕಾಗಿದೆ ಎಂದರ್ಥ.

*ಹಗ್ಗ ಬದಲಿಸುವುದು.* ಬಾಗಿಲ ಒಳಅಂಚಿನ ಗಾಡಿಯಲ್ಲಿ (ಉದ್ದದ ತೋಡಿನಲ್ಲಿ) ಕೂರುವ ಬೆಂಕಿಹಗ್ಗ ಎರಡು–ಮೂರು ಸೀಸನ್ ಬಂದರೆ ಹೆಚ್ಚು. ಗಟ್ಟಿಯಾಗಿ, ಕಪ್ಪು ಹೊಳಪು ಬಂದು, ಉಗುರಿನಿಂದ ಒತ್ತಿದರೂ ತಗ್ಗದಿದ್ದರೆ ಅದರ ಕೆಲಸ ಮುಗಿಯಿತು. ಹೊಸದಾಗಿ ಸೆರಾಮಿಕ್ ಫೈಬರ್ ಹಗ್ಗವನ್ನೇ ಕೊಳ್ಳಿ. ಗಾಡಿ 12 ಮಿ.ಮೀ. ಅಗಲವಿದ್ದರೆ ಹಗ್ಗವೂ 12 ಮಿ.ಮೀ. 12 ಇಂಚು ಅಗಲ, 14 ಇಂಚು ಎತ್ತರದ ಬಾಗಿಲಿಗೆ ಸುತ್ತಳತೆ 52 ಇಂಚು, ಅಂದರೆ ಸುಮಾರು 1.3 ಮೀಟರ್. ಒಂದೂವರೆ ಮೀಟರ್ ತನ್ನಿ.

ಹಳೆಯ ಒಲೆಗಳಲ್ಲಿ ಇರುವುದು ಆಸ್ಬೆಸ್ಟಾಸ್ ಹಗ್ಗವೂ ಆಗಿರಬಹುದು. ನೋಡಿದ ಮಾತ್ರಕ್ಕೆ ಗೊತ್ತಾಗುವುದಿಲ್ಲ, ಆದ್ದರಿಂದ ಅನುಮಾನವಿದ್ದರೆ ಆಸ್ಬೆಸ್ಟಾಸ್ ಎಂದೇ ತಿಳಿದು ನಡೆಯಿರಿ. ಅದರ ದೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣ. ಒಣ ಹಗ್ಗವನ್ನು ವೈರ್ ಬ್ರಷ್ಷಿನಿಂದ ಉಜ್ಜಲೇಬೇಡಿ. ಸೋಪು ಬೆರೆಸಿದ ನೀರು ಸಿಂಪಡಿಸಿ ಚೆನ್ನಾಗಿ ನೆನೆಸಿ, ಮುಖಕ್ಕೆ ಪಿ100 ದರ್ಜೆಯ ಮಾಸ್ಕ್ (ಎನ್95 ಸಾಲದು) ಹಾಕಿಕೊಂಡು, ಹಸಿಯಾಗಿರುವಾಗಲೇ ಇಡಿಯಾಗಿ ಎಬ್ಬಿಸಿ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಕಟ್ಟಿಡಿ. ಮಕ್ಕಳು ಹತ್ತಿರ ಇರುವುದು ಬೇಡ. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಈಗಲೂ ಆಸ್ಬೆಸ್ಟಾಸ್ ಹಗ್ಗ ತೋರಿಸಿದರೆ ಬೇಡವೆನ್ನಿ.

ಮುಂದಿನ ಕೆಲಸದ ಕ್ರಮ ಹೀಗೆ:

1. ಬಾಗಿಲನ್ನು ಕೀಲಿನಿಂದ ಎತ್ತಿ ಇಳಿಸಿ ಬೆಂಚಿನ ಮೇಲೆ ಮಲಗಿಸಿ. ನಿಂತ ಬಾಗಿಲಿಗೆ ಹಗ್ಗ ಕೂರಿಸಲು ಹೋದರೆ ಅಂಟು ಇಳಿಯುತ್ತದೆ.
2. ಗಾಡಿಯಲ್ಲಿ ಉಳಿದ ಹಳೆಯ ಅಂಟು, ಕಿಟ್ಟವನ್ನು ಉಳಿಯಿಂದ ಕೆರೆದು, 80 ನಂಬರಿನ ಎಮರಿ ಹಾಕಿ, ತಿನ್ನರ್ ಬಟ್ಟೆಯಿಂದ ಒರೆಸಿ. ಒಳಗೆ ತುಕ್ಕಿನ ಹುಡಿ ಉಳಿದರೆ ಅಂಟು ಹಿಡಿಯುವುದಿಲ್ಲ.
3. ಹಗ್ಗವನ್ನು ಮೊದಲು ಒಣಗಿಯೇ ಇಟ್ಟು ಅಳತೆ ನೋಡಿ. ಎಳೆದು ಬಿಗಿ ಮಾಡಬೇಡಿ. ಎಳೆದ ಹಗ್ಗ ಸಣಕಲಾಗಿ ಸೀಲ್ ಕೊಡುವುದಿಲ್ಲ, ಮೂಲೆಗಳಲ್ಲಿ ಎದ್ದುಬರುತ್ತದೆ. ಮೂಲೆಯಲ್ಲಿ ಸ್ವಲ್ಪ ಒಳದೂಡಿ ಕೂರಿಸಿ.
4. ಕತ್ತರಿಸುವ ಜಾಗಕ್ಕೆ ಸಣ್ಣ ತಂತಿ ಸುತ್ತಿ, ಆಮೇಲೆ ಕತ್ತರಿಸಿ. ಇಲ್ಲವಾದರೆ ತುದಿ ಬಿಚ್ಚಿಕೊಳ್ಳುತ್ತದೆ.
5. ಗಾಡಿಗೆ ವಾಟರ್‌ಗ್ಲಾಸ್ ಎಂದು ಸಿಗುವ ಸೋಡಿಯಂ ಸಿಲಿಕೇಟನ್ನು ತೆಳುವಾಗಿ ಬಳಿದು ಹಗ್ಗ ಕೂರಿಸಿ. ಕೆಂಪು ಸಿಲಿಕಾನ್ ಪೇಸ್ಟ್ 300 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಸೋಲುತ್ತದೆ. ಉರಿಯ ಮುಖದ ಅಂಚಿಗೆ ಅದು ಸಾಲದು.
6. ಎರಡು ತುದಿ ಕೂಡುವ ಜಾಗ ಕೀಲಿನ ಬದಿಯ ಮೇಲ್ಭಾಗದಲ್ಲಿ ಬರಲಿ. ಕೆಳಗೆ ಬಂದರೆ ಬೂದಿ ಅದರೊಳಗೆ ಹೊಕ್ಕು ಬಿಚ್ಚಿಸುತ್ತದೆ.
7. ಬಾಗಿಲು ತೂಗಿಸಿ, ಹಗ್ಗಕ್ಕೂ ಚೌಕಟ್ಟಿಗೂ ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಇಟ್ಟು ಚಿಲಕ ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹಾಳೆ ತೆಗೆಯಿರಿ. ಹಾಳೆ ಇಡದಿದ್ದರೆ ಉಕ್ಕಿದ ಅಂಟು ಬಾಗಿಲನ್ನು ಚೌಕಟ್ಟಿಗೇ ಅಂಟಿಸಿಬಿಡುತ್ತದೆ.

ಹೊಸ ಹಗ್ಗ ಮೊದಲ ನಾಲ್ಕೈದು ಉರಿಯಲ್ಲಿ ತಗ್ಗುತ್ತದೆ. ಆಗ ಚಿಲಕವನ್ನು ಮತ್ತೊಮ್ಮೆ ಬಿಗಿ ಮಾಡಬೇಕು. ಇದನ್ನು ಮರೆತವರೇ ಹೊಸ ಹಗ್ಗ ಹಾಕಿದರೂ ಹೊಗೆ ಬರುತ್ತದೆ ಎನ್ನುವುದು.

*ಡೊಂಕಾದ ಪ್ಲೇಟು.* ಬಾಗಿಲ ಒಳಮುಖ ಕೆಂಪಗೆ ಕಾಯುವಾಗ ಹೊರಮುಖಕ್ಕೆ ಗಾಳಿ ತಾಗುತ್ತಿರುತ್ತದೆ. ಎರಡು ಮುಖ ಬೇರೆ ಬೇರೆ ಹಿಗ್ಗುತ್ತವೆ. 400 ಮಿ.ಮೀ. ಉದ್ದದ ಉಕ್ಕಿನ ಪ್ಲೇಟು 400 ಡಿಗ್ರಿ ಹೆಚ್ಚು ಕಾದರೆ ಸುಮಾರು 2 ಮಿ.ಮೀ. ಬೆಳೆಯುತ್ತದೆ. ಹಾಗಾಗಿ ಬಾಗಿಲು ಮತ್ತು ಚೌಕಟ್ಟಿನ ನಡುವೆ ಸುತ್ತಲೂ 3 ಮಿ.ಮೀ. ಸಂದಿ ಬಿಡಬೇಕು, ಆ ಸಂದಿಯನ್ನು ಹಗ್ಗ ಮುಚ್ಚುತ್ತದೆ. ಸಂದಿ ಬಿಡದೆ ಸರಿಗಟ್ಟಾಗಿ ಮಾಡಿದ ಬಾಗಿಲು ತಣ್ಣಗಿರುವಾಗ ಚಂದ, ಕಾದ ಮೇಲೆ ಸಿಕ್ಕಿಕೊಳ್ಳುತ್ತದೆ.

ಒಮ್ಮೆ ಡೊಂಕಾದ 3 ಮಿ.ಮೀ. ಪ್ಲೇಟನ್ನು ಸುತ್ತಿಗೆಯಿಂದ ಬಡಿದು ನೇರ ಮಾಡಿದರೆ ಅದು ನಿಲ್ಲುವುದು ಒಂದೆರಡು ಉರಿ ಮಾತ್ರ. 6 ಮಿ.ಮೀ. ಪ್ಲೇಟಿನಲ್ಲಿ ಹೊಸದು ಮಾಡಿಸಿ, ಅದರ ಒಳಮುಖಕ್ಕೆ ತಡೆಪ್ಲೇಟ್ ಕಟ್ಟಿಸಿ. ತಡೆಪ್ಲೇಟ್ ಎಂದರೆ ಬಾಗಿಲಿಗಿಂತ ಸುತ್ತಲೂ ಒಂದೂವರೆ ಇಂಚು ಚಿಕ್ಕದಾದ 4 ಮಿ.ಮೀ. ತುಂಡು. ಬಾಗಿಲಿನಿಂದ ಒಂದು ಇಂಚು ಮುಂದೆ, ಎರಡೇ ಬೋಲ್ಟಿನ ಮೇಲೆ ನೇತಾಡುವಂತೆ ಇರಬೇಕು. ಬೋಲ್ಟಿನ ತೂತು ದುಂಡಗಿರಬಾರದು, ಉದ್ದಕ್ಕಿರಬೇಕು, ಆಗ ಪ್ಲೇಟು ಹಿಗ್ಗಲು ಜಾಗ ಸಿಗುತ್ತದೆ. ನಡುವಿನ ಒಂದು ಇಂಚಿಗೆ ಸೆರಾಮಿಕ್ ಫೈಬರ್ ಹೊದಿಕೆ ತುಂಬಿ. ಇನ್ನು ಮುಂದೆ ಸುಡುವುದು, ಡೊಂಕಾಗುವುದು ತಡೆಪ್ಲೇಟ್. ಅದು ಹೋದಾಗ ಎರಡು ನಟ್ಟು ಬಿಚ್ಚಿ ಬೇರೆ ಹಾಕಿದರಾಯಿತು, ಬಾಗಿಲು ಹಾಗೇ ಉಳಿಯುತ್ತದೆ. ಒಲೆ ಮಾಡಿಸುವಾಗಲೇ ಇದನ್ನು ಕೇಳಿ ಹಾಕಿಸಿಕೊಳ್ಳುವುದು ಒಳ್ಳೆಯದು. ಬಾಗಿಲಿಗೆ ಮಾಡಿದ ಖರ್ಚಿನಲ್ಲಿ ಇದರಷ್ಟು ಲಾಭ ಕೊಡುವುದು ಬೇರೊಂದಿಲ್ಲ.

*ಕೀಲು, ಚಿಲಕ.* ಕೀಲಿಗೆ ಗ್ರೀಸ್ ಹಾಕಬೇಡಿ. ಒಂದೇ ದಿನದ ಉರಿಗೆ ಅದು ಸುಟ್ಟು ಕರಿಯಾಗಿ ಕೀಲನ್ನೇ ಹಿಡಿದುಬಿಡುತ್ತದೆ. ಗ್ರಾಫೈಟ್ ಪುಡಿ ಸಾಕು. ಪಿನ್ನು ಸವೆದು ಬಾಗಿಲು ಜೋತಿದ್ದರೆ ಕೆಳಗಿನ ಕೀಲಿಗೆ ಒಂದು ಉಕ್ಕಿನ ವಾಷರ್ ಹಾಕಿ ಎತ್ತರಿಸಿ. ಎರಡು ವಾಷರಿಗಿಂತ ಹೆಚ್ಚು ಬೇಕಾದರೆ ಪಿನ್ನು ಬದಲಿಸುವ ಕಾಲ ಬಂದಿದೆ. ಚಿಲಕದ ನಾಲಿಗೆ ಕೂರುವ ಕೊಕ್ಕೆ ಬೆಣೆಯಂತೆ ಇಳಿಜಾರಾಗಿರಬೇಕು. ಕೆಳಗೆ ಒತ್ತಿದಷ್ಟೂ ಬಾಗಿಲನ್ನು ಒಳಕ್ಕೆಳೆಯಬೇಕು. ಇಳಿಜಾರು ಸವೆದಿದ್ದರೆ ಒಂದು ಸಾಲು ವೆಲ್ಡಿಂಗ್ ತುಂಬಿಸಿ ಅರದಿಂದ ತೀಡಿ.

*ಚೌಕಟ್ಟಿನ ಸುತ್ತಲ ಬಿರುಕು.* ಚೌಕಟ್ಟಿಗೂ ಇಟ್ಟಿಗೆಗೂ ನಡುವೆ ಬಿರುಕು ಬಿಟ್ಟಾಗ ಸಿಮೆಂಟ್ ಬಳಿಯುವುದು ಎಲ್ಲ ಕಡೆ ಕಾಣುವ ತಪ್ಪು. ಸಿಮೆಂಟ್ ಗಾರೆ 400 ಡಿಗ್ರಿ ದಾಟಿದರೆ ಬಲ ಕಳೆದುಕೊಂಡು ಪುಡಿಯಾಗುತ್ತದೆ, ಜೊತೆಗೆ ಕಬ್ಬಿಣ ಹಿಗ್ಗಲು ಜಾಗವನ್ನೂ ಕೊಡುವುದಿಲ್ಲ. ಮುಂದಿನ ಸಲ ಇಟ್ಟಿಗೆಯೇ ಸೀಳುತ್ತದೆ. ಸಡಿಲವಾದದ್ದನ್ನೆಲ್ಲ ಕೆರೆದು ತೆಗೆದು, ಕಬ್ಬಿಣಕ್ಕೆ ತಾಗಿದ ಕಡೆ 5 ಮಿ.ಮೀ. ದಪ್ಪ ಸೆರಾಮಿಕ್ ಹತ್ತಿ ತುರುಕಿ. ಅದರ ಹೊರಗೆ ಮಣ್ಣಿನ ಗಾರೆ: ಜರಡಿ ಹಿಡಿದ ಜೇಡಿ ಒಂದು ಪಾಲು, ಸಣ್ಣ ಮರಳು ಎರಡೂವರೆ ಪಾಲು, ಒಂದು ಹಿಡಿ ಭತ್ತದ ಹೊಟ್ಟು. ಹಿಂದಿನ ರಾತ್ರಿಯೇ ಕಲಸಿ ನೆನೆಯಲು ಬಿಡಿ. ಇಟ್ಟಿಗೆಗೆ ನೀರು ಚಿಮುಕಿಸಿ, ಗಾರೆಯನ್ನು ಎರಡು ಸಲವಾಗಿ ತುಂಬಿ, ಮೊದಲ ಪದರದಲ್ಲಿ ಬಿದ್ದ ಕೂದಲೆಳೆ ಬಿರುಕನ್ನು ಎರಡನೆಯದರಲ್ಲಿ ಮುಚ್ಚಿ. ಬೆಂಕಿ ತಾಗುವ ಒಳಬದಿಗೆ ಫೈರ್ ಕ್ಲೇ ಸಿಕ್ಕರೆ ಅದೇ ಒಳ್ಳೆಯದು.

*ಬಣ್ಣ.* ರೆಡ್ ಆಕ್ಸೈಡ್ ಬಾಗಿಲಿಗೆ ಉಪಯೋಗವಿಲ್ಲ, ಮೊದಲ ಉರಿಗೇ ಸುಟ್ಟು ಹೋಗುತ್ತದೆ. ಮಾಡಿನ ಕಂಬ, ಪೈಪಿಗೆ ಅದು ಸರಿ. ಬಾಗಿಲ ಹೊರಮುಖಕ್ಕೆ 600 ಡಿಗ್ರಿ ತಡೆಯುವ ಅಲ್ಯೂಮಿನಿಯಂ ಪೇಂಟನ್ನು ತೆಳುವಾಗಿ ಎರಡು ಸಲ ಹೊಡೆಯಿರಿ. ದಪ್ಪ ಬಳಿದರೆ ಗುಳ್ಳೆ ಏಳುತ್ತದೆ. ಈ ಬಣ್ಣ ಪೂರ್ತಿ ಗಟ್ಟಿಯಾಗುವುದು ಬಿಸಿ ತಾಗಿದ ಮೇಲೆ. ಆದ್ದರಿಂದ ಒಣಗಿದ ಮರುದಿನ ಸೋಗೆ, ಪುರಳೆ (ಒಣಗಿದ ಅಡಿಕೆ ಗರಿ, ಸಣ್ಣ ಕಡ್ಡಿ) ಹಾಕಿ ಅರ್ಧ ಗಂಟೆ ಸಣ್ಣ ಉರಿ ಕೊಡಿ, ಆರಲು ಬಿಟ್ಟು ಮತ್ತೆ ಸ್ವಲ್ಪ ದೊಡ್ಡ ಉರಿ. ಒಳಮುಖಕ್ಕೆ ಯಾವ ಬಣ್ಣವೂ ನಿಲ್ಲದು. ಅಲ್ಲಿಗೆ ತುಕ್ಕು ಉಜ್ಜಿ ತೆಗೆದು, ಬಟ್ಟೆಯಲ್ಲಿ ಹೊಂಗೆ ಎಣ್ಣೆ ತೆಳುವಾಗಿ ಸವರಿದರೆ ಮಳೆಗಾಲ ಕಳೆಯುತ್ತದೆ.

ಬೇಯಿಸುವಾಗ ಚೊಗರು ಉಕ್ಕಿ ಬಾಗಿಲ ಮೇಲೆ ಹರಿದರೆ ನೀರು ಎರಚಬೇಡಿ, ಕಾದ ಕಬ್ಬಿಣ ಅಲ್ಲೇ ಸೆಟೆಯುತ್ತದೆ. ಕೈ ಇಡುವಷ್ಟು ಆರಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ. ಚೊಗರು ಬಿದ್ದ ಜಾಗ ಶಾಯಿ ಚೆಲ್ಲಿದಂತೆ ನೀಲಿಗಪ್ಪಾಗುವುದನ್ನು ಎಲ್ಲರೂ ನೋಡಿರುತ್ತೀರಿ. ಚೊಗರಿನ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಆಗುವ ಬಣ್ಣ ಅದು. ಬಾಗಿಲಿಗೆ ಅದರಿಂದ ದೊಡ್ಡ ತೊಂದರೆಯಿಲ್ಲ. ಅದೇ ಕೂಡಿಕೆ ಹಂಡೆಯೊಳಗೆ ಆದರೆ ತೊಂದರೆ, ಅದಕ್ಕೆ ಕಾರಣವಾಗುವುದು ಮಾಡು.

ಮಾಡು

ತಾಮ್ರದ ಹಂಡೆಯನ್ನೇ ಬಳಸುವ ಮನೆಯಲ್ಲೂ ಒಂದೊಂದು ಸಲ ಚೊಗರು ಕಪ್ಪಾಗಿ, ಅಡಿಕೆಗೆ ಬರಬೇಕಾದ ಕೆಂಪು ಹೊಳಪು ಬರುವುದಿಲ್ಲ. ಚೊಗರು ಹಳೆಯದಾಯಿತು, ಅಡಿಕೆ ಬಲಿಯಿತು ಎಂದು ಹುಡುಕುತ್ತೇವೆ. ತಲೆ ಎತ್ತಿ ಮಾಡನ್ನೂ ನೋಡಬೇಕು. ಹಂಡೆಯಿಂದ ಎದ್ದ ಹಬೆ ತಣ್ಣನೆ ತಗಡಿಗೆ ತಾಗಿ ನೀರಾಗುತ್ತದೆ, ತಗಡಿನ ತುಕ್ಕನ್ನೂ ಇಲ್ಲಣವನ್ನೂ (ಜೋತುಬಿದ್ದ ಹೊಗೆಮಸಿ) ತೊಳೆದುಕೊಂಡು ಮತ್ತೆ ಹಂಡೆಗೇ ಹನಿಯುತ್ತದೆ. ದಿನವಿಡೀ ಹನಿದರೆ ಬಣ್ಣ ಕೆಡಲು ಅಷ್ಟು ಕಬ್ಬಿಣ ಸಾಕು. ಕೆಂಪಡಿಕೆಗೆ ಬೆಲೆ ಬರುವುದೇ ಬಣ್ಣ ನೋಡಿ. ಮಾಡಿನ ಆರೈಕೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಹಂಡೆಯ ನೇರ ಮೇಲಿನ ಆ ನಾಲ್ಕಡಿ ಜಾಗ.

ಮೊದಲ ಕೆಲಸ ಇಲ್ಲಣ ತೆಗೆಯುವುದು. ಹಂಡೆ ಎತ್ತಿ ಹೊರಗಿಡಿ ಅಥವಾ ಟಾರ್ಪಾಲು ಮುಚ್ಚಿ. ಉದ್ದ ಬಿದಿರಿಗೆ ತೆಂಗಿನ ಗರಿಯ ಪೊರಕೆ ಕಟ್ಟಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ತಗಡಿನ ಒಳಮೈ, ಪಕಾಸು, ರೀಪು (ಮಾಡಿನ ಮರದ ತೊಲೆ, ಅಡ್ಡಪಟ್ಟಿ), ಮೂಲೆ ಎಲ್ಲ ಕಡೆ ಗುಡಿಸಿ. ಜೋತುಬಿದ್ದ ಇಲ್ಲಣ ಬರೀ ಗಲೀಜಲ್ಲ. ಎಣ್ಣೆಯಂತೆ ಜಿಡ್ಡಾದ ಇಲ್ಲಣಕ್ಕೆ ಒಂದು ಕಿಡಿ ತಾಗಿದರೆ ಮಾಡಿನುದ್ದಕ್ಕೂ ಓಡುತ್ತದೆ. ಮರದ ಪಕಾಸಿದ್ದರೆ ಇದು ಪ್ರತಿ ವರ್ಷದ ಕೆಲಸ.

ಎರಡನೆಯದು ಹಬೆಗೆ ದಾರಿ. ನೆತ್ತಿಯಲ್ಲಿ ಎರಡು ಕಡೆಯ ತಗಡು ಕೂಡುವಲ್ಲಿ 9ರಿಂದ 12 ಇಂಚು ಎತ್ತರಿಸಿದ ಕಿರುಮಾಡು ಇದ್ದರೆ ಹಬೆ, ಹೊಗೆ ಎರಡೂ ಅಲ್ಲಿಂದ ಹೋಗುತ್ತವೆ. ಕಿರುಮಾಡಿನ ಅಂಚು ಎರಡೂ ಕಡೆ ಕನಿಷ್ಠ ಒಂದೂವರೆ ಅಡಿ ಮುಂದೆ ಬಂದಿರಲಿ. ನಮ್ಮಲ್ಲಿ ಮಳೆ ನೇರ ಬೀಳುವುದಿಲ್ಲ, ಗಾಳಿಯ ಜೊತೆ ಓರೆಯಾಗಿ ಬರುತ್ತದೆ. ಕಿರುಮಾಡು ಇಲ್ಲದ ಹಳೆಯ ಮಾಡಿಗೆ ಗೋಡೆಯ ಮೇಲ್ಭಾಗದಲ್ಲಿ ಎದುರುಬದುರು ಜಾಲಿ ಬಿಟ್ಟರೂ ಅರ್ಧ ತೊಂದರೆ ಕಳೆಯುತ್ತದೆ.

ಮೂರನೆಯದು ಹನಿತಟ್ಟೆ. ತಗಡಿನ ಒಳಮೈಯಲ್ಲಿ ಹರಿದು ಬರುವ ನೀರು ಇಳಿಜಾರಿನಲ್ಲಿ ಜಾರುತ್ತಾ ಅಡ್ಡಪೈಪು ಸಿಕ್ಕ ಕಡೆ ನಿಂತು ಅಲ್ಲಿಂದ ಹನಿಯುತ್ತದೆ. ಆದ್ದರಿಂದ ಹಂಡೆಯ ನೇರ ಮೇಲೆ ಅಡ್ಡಪೈಪು ಬರಬಾರದು. ಬಂದಿದ್ದರೆ ಮಾಡು ಬಿಚ್ಚಬೇಕಿಲ್ಲ. ಹಂಡೆಯ ಬಾಯಿಗಿಂತ ಸುತ್ತಲೂ ಒಂದು ಅಡಿ ದೊಡ್ಡದಾದ ಅಲ್ಯೂಮಿನಿಯಂ ಹಾಳೆಯನ್ನು ಪೈಪಿನ ಕೆಳಗೆ ಓರೆಯಾಗಿ ತೂಗುಹಾಕಿ, ಅದರ ತಗ್ಗಿನ ಅಂಚಿಗೆ ಮಡಿಕೆ ಮಾಡಿ ನೀರು ಒಂದು ಬದಿಗೆ ಹೋಗುವಂತೆ ಮಾಡಿ. ಕಬ್ಬಿಣದ ತಗಡನ್ನೇ ಹನಿತಟ್ಟೆ ಮಾಡಿದರೆ ಮತ್ತೆ ಅದೇ ಕತೆ.

ಇನ್ನು ತಗಡು. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಬಯಲುಸೀಮೆಯ ಶೆಡ್ಡಿಗೆ ಸಾಕಾಗುವ ಇಳಿಜಾರು ಇಲ್ಲಿ ಸಾಲದು. ಎರಡು ಅಡಿ ಹೋದರೆ ಒಂದು ಅಡಿ ಇಳಿಯುವಷ್ಟು, ಅಂದರೆ 26 ಡಿಗ್ರಿಗೆ ಕಡಿಮೆ ಇರಬಾರದು. ತಗಡು 0.5 ಮಿ.ಮೀ. ದಪ್ಪ, ಅಡ್ಡಪೈಪುಗಳ ನಡುವೆ ನಾಲ್ಕು ಅಡಿ. ಪಕ್ಕದ ಜೋಡಣೆಯಲ್ಲಿ ಎರಡು ಉಬ್ಬು ಒಂದರ ಮೇಲೊಂದು ಬರಲಿ. ಮೇಲೆ–ಕೆಳಗಿನ ಜೋಡಣೆಯಲ್ಲಿ 8 ಇಂಚು ಹೊದಿಕೆ ಇರಲಿ. ಜೋಡಣೆಯ ತೆರೆದ ಬಾಯಿ ಮಳೆಗಾಳಿ ಬರುವ ದಿಕ್ಕಿಗೆ, ಅಂದರೆ ಪಶ್ಚಿಮ, ನೈಋತ್ಯಕ್ಕೆ ಇರಬಾರದು.

ಸೋರುವ ಜಾಗ ಹುಡುಕಲು ಬಿಸಿಲಿನ ಮಧ್ಯಾಹ್ನ ಒಳಗೆ ನಿಂತು ಕತ್ತೆತ್ತಿ ನೋಡಿ. ಸೂಜಿಮೊನೆಯಷ್ಟು ತೂತೂ ಬೆಳಕಿನಲ್ಲಿ ಕಾಣುತ್ತದೆ. ಬೆಳಕು ಕಾಣದೆ ನೀರಿನ ಕಲೆ ಮಾತ್ರ ಇದ್ದರೆ ತೊಂದರೆ ಆ ಕಲೆಯ ಜಾಗದಲ್ಲಿಲ್ಲ, ಅದರ ಮೇಲಿನ ಇಳಿಜಾರಿನಲ್ಲಿದೆ. ಹೆಚ್ಚಾಗಿ ಒಂದು ಸ್ಕ್ರೂ. ಸ್ಕ್ರೂ ಯಾವಾಗಲೂ ತಗಡಿನ ಉಬ್ಬಿನ ಮೇಲೆ ಇರಬೇಕು, ನೀರು ಹರಿಯುವ ತಗ್ಗಿನಲ್ಲಿ ಅಲ್ಲ. ರಬ್ಬರ್ ವಾಷರ್ ಬಿರುಕು ಬಿಟ್ಟಿದ್ದರೆ ಸ್ಕ್ರೂ ಸಮೇತ ಬದಲಿಸಿ. ತೂತು ದೊಡ್ಡದಾಗಿದ್ದರೆ ಒಂದು ಅಳತೆ ದಪ್ಪದ ಸ್ಕ್ರೂ ಹಾಕಿ. ಬಿಗಿ ಮಾಡುವಾಗ ವಾಷರ್ ಸುತ್ತಲೂ ತುಸು ಉಬ್ಬಿ ಕಂಡರೆ ಅಲ್ಲಿಗೆ ನಿಲ್ಲಿಸಿ. ಇನ್ನೂ ತಿರುಗಿಸಿದರೆ ಉಬ್ಬು ಕುಸಿದು ಅಲ್ಲೇ ನೀರು ನಿಲ್ಲುವ ಗುಳಿಯಾಗುತ್ತದೆ. ಹಳೆಯ ಜೆ–ಬೋಲ್ಟಿನ ಮಾಡಾದರೆ ಡಾಂಬರು ವಾಷರ್ ಬದಲಿಸಿ, ಆದರೆ ಕೊಳವೆಯಿಂದ ಎರಡು ಅಡಿಯೊಳಗೆ ಡಾಂಬರಿನದ್ದು ಯಾವುದೂ ಬೇಡ, ಕರಗುತ್ತದೆ.

ಸಣ್ಣ ತೂತಿಗೆ ಅಲ್ಯೂಮಿನಿಯಂ ಬೆನ್ನಿನ ಬ್ಯುಟೈಲ್ ಟೇಪು ಸಾಕು. ತಗಡನ್ನು ತುಕ್ಕಿಲ್ಲದಂತೆ ಉಜ್ಜಿ ಒಣಗಿಸಿ ಅಂಟಿಸಬೇಕು. ಅಂಗೈಗಿಂತ ದೊಡ್ಡ ತೂತಿಗೆ ಟೇಪಿನ ಮೇಲೆ ಟೇಪು ಹಾಕುತ್ತಾ ಹೋಗಬೇಡಿ. ಅದೇ ನಮೂನೆಯ ತಗಡಿನ ತುಂಡನ್ನು ತೂತಿನಿಂದ ಸುತ್ತಲೂ 6 ಇಂಚು ಬರುವಂತೆ ಕತ್ತರಿಸಿ, ಅದರ ಮೇಲಿನ ಅಂಚು ಮೇಲಿನ ಶೀಟಿನ ಹೊದಿಕೆಯ ಒಳಗೆ ನುಗ್ಗುವಂತೆ ಸೇರಿಸಿ ಸ್ಕ್ರೂ ಹಾಕಿ.

ಮಾಡು ಹತ್ತುವಾಗ ಸ್ಕ್ರೂ ಸಾಲಿನ ಮೇಲೆ ಮಾತ್ರ ಕಾಲಿಡಿ, ಕೆಳಗೆ ಪೈಪಿರುವುದು ಅಲ್ಲಿ. ಸಿಮೆಂಟ್ ಶೀಟಿನ ಮೇಲೆ ಹಲಗೆ ಹಾಕದೆ ಕಾಲಿಡುವಂತಿಲ್ಲ, ಹಳೆಯದಾದಷ್ಟೂ ಅದು ಸದ್ದಿಲ್ಲದೆ ಮುರಿಯುತ್ತದೆ. ಏಣಿಯನ್ನು ಮೇಲೆ ಕಟ್ಟಿ, ಕೆಳಗೆ ಒಬ್ಬರು ಹಿಡಿದಿರಲಿ. ಮೋಟಾರಿನ ವೈರು ಮಾಡಿನ ಮೇಲೆ ಹಾದು ಹೋಗಿದ್ದರೆ ಮೊದಲು ಮೇನ್ ಇಳಿಸಿ.

*ಹೊಗೆಕೊಳವೆ ಮಾಡು ದಾಟುವ ಜಾಗ.* ಮಾಡು ಮೊದಲು ಕೊಳೆಯುವುದು ಇಲ್ಲಿ. ಹೊಗೆಯಲ್ಲಿ ಅಸಿಟಿಕ್, ಫಾರ್ಮಿಕ್‌ನಂಥ ಆಮ್ಲಗಳಿರುತ್ತವೆ. ಹಸಿ ಕಟ್ಟಿಗೆ ಉರಿಸಿದರೆ ಇನ್ನೂ ಹೆಚ್ಚು. ಅವು ತಣಿದು ಕಂದು ರಸವಾಗಿ ಕೊಳವೆಯ ಹೊರಮೈಯಲ್ಲಿ ಇಳಿದು ತಗಡಿನ ಸತುವಿನ ಲೇಪ ತಿನ್ನುತ್ತವೆ. ಮೊದಲು ಬಿಳಿ ಹುಡಿ ಕಾಣುತ್ತದೆ, ಆಮೇಲೆ ಕೆಂಪು ತುಕ್ಕು. ಬಿಳಿ ಹುಡಿ ಕಂಡಾಗಲೇ ತೊಳೆದು ಒಣಗಿಸಿದರೆ ತಗಡು ಉಳಿಯುತ್ತದೆ. ಕಂದು ರಸ ಇಳಿಯುತ್ತಿದೆ ಎಂದರೆ ಕೊಳವೆಯ ತುಂಡುಗಳನ್ನು ತಲೆಕೆಳಗಾಗಿ ಜೋಡಿಸಿರಬಹುದು. ಮೇಲಿನ ತುಂಡು ಕೆಳಗಿನದರ ಒಳಗೆ ಕೂರಬೇಕು, ಆಗ ರಸ ಒಳಗಿಂದಲೇ ಒಲೆಗೆ ಇಳಿದು ಸುಡುತ್ತದೆ.

ಕೊಳವೆಯನ್ನು ತಗಡಿಗೆ ವೆಲ್ಡ್ ಮಾಡುವುದಾಗಲಿ, ಸಿಮೆಂಟಿನಿಂದ ಕಚ್ಚಿಸುವುದಾಗಲಿ ಎಂದೂ ಮಾಡಬಾರದು. 5 ಮೀಟರ್ ಕೊಳವೆ 200 ಡಿಗ್ರಿ ಹೆಚ್ಚು ಕಾದರೆ 12 ಮಿ.ಮೀ. ಮೇಲೇರುತ್ತದೆ, ಆರಿದರೆ ಇಳಿಯುತ್ತದೆ. ದಿನಕ್ಕೊಮ್ಮೆ ಹೀಗಾದರೆ ಯಾವ ಬೆಸುಗೆಯೂ ನಿಲ್ಲದು. 6 ಇಂಚಿನ ಕೊಳವೆಗೆ ತಗಡಿನಲ್ಲಿ 10 ಇಂಚಿನ ತೂತು ಮಾಡಿ, ಮರದ ಪಕಾಸು, ರೀಪು ಇದ್ದರೆ ಕೊಳವೆಯಿಂದ 18 ಇಂಚು ದೂರ ಕತ್ತರಿಸಿ ಕಬ್ಬಿಣದ ಅಡ್ಡೆ ಕೊಡಿ. ತೂತಿನ ಮೇಲೆ ಕೊಳವೆಗೆ ತಾಗದಂತೆ ತಗಡಿನ ಕುತ್ತಿಗೆ ಬರಲಿ. ಅದರ ಬುಡದ ಹಾಳೆಯ ಮೇಲಂಚು ಮೇಲಿನ ಶೀಟಿನ ಕೆಳಗೆ, ಕೆಳಅಂಚು ಕೆಳಗಿನ ಶೀಟಿನ ಮೇಲೆ ಇರಬೇಕು. ಇದನ್ನು ಉಲ್ಟಾ ಹಾಕಿ, ಸೋರುತ್ತದೆ ಎಂದು ವರ್ಷವರ್ಷ ಪೇಸ್ಟ್ ಮೆತ್ತುವವರಿದ್ದಾರೆ. ಕುತ್ತಿಗೆಯ ಮೇಲೆ ಛತ್ರಿಯಂಥ ಪಟ್ಟಿಯನ್ನು ಕ್ಲ್ಯಾಂಪಿನಿಂದ ಕೊಳವೆಗೆ ಮಾತ್ರ ಬಿಗಿಯಿರಿ. ಕೊಳವೆಯ ಜೊತೆ ಪಟ್ಟಿ ಏರಿ ಇಳಿಯುತ್ತದೆ, ಕುತ್ತಿಗೆ ಅಲ್ಲಾಡುವುದಿಲ್ಲ, ನೀರು ಹೊರಗೇ ಬೀಳುತ್ತದೆ. ಪಟ್ಟಿ ಮತ್ತು ಕೊಳವೆ ಕೂಡುವ ಗೆರೆಗೆ ಕೆಂಪು ಸಿಲಿಕಾನ್ ಎಳೆಯಬಹುದು, ಅಲ್ಲಿ ಅಷ್ಟು ಬಿಸಿ ಇರುವುದಿಲ್ಲ. ಕೊಳವೆಯ ತುದಿ ಮಾಡು ದಾಟಿದ ಮೇಲೆ 3 ಅಡಿಗೆ ಕಡಿಮೆ ಇರಬಾರದು, 10 ಅಡಿಯೊಳಗಿನ ಯಾವ ನೆತ್ತಿಗಿಂತಲೂ 2 ಅಡಿ ಮೇಲಿರಬೇಕು.

ಬೇಯಿಸುವ ಒಲೆಯ ಮೇಲೆ ಸೋಗೆ ಮಾಡು ಬೇಡವೇ ಬೇಡ. ಪಕ್ಕದ ಕೊಟ್ಟಿಗೆಗೆ ಸೋಗೆ ಹೊದೆಸಿದ್ದರೆ ಕೊಳವೆಯ ತಲೆಗೆ ಅರ್ಧ ಇಂಚಿನ ಕಿಡಿಜಾಲರಿ ಹಾಕಿ, ವಾರಕ್ಕೊಮ್ಮೆ ಕೋಲಿನಿಂದ ತಟ್ಟಿ ಮಸಿ ಉದುರಿಸಿ. ಹಂಚಿನ ಮಾಡಾದರೆ ಹಬೆಯ ಹನಿ ಕಡಿಮೆ, ಏಕೆಂದರೆ ಹಂಚು ಸ್ವಲ್ಪ ನೀರು ಕುಡಿಯುತ್ತದೆ. ಜಾರಿದ, ಒಡೆದ ಹಂಚು ಬದಲಿಸುವುದು ಬಿಟ್ಟರೆ ಅಲ್ಲಿ ಹೆಚ್ಚಿನ ಕೆಲಸವಿಲ್ಲ. ಉದುರಿದ ಅಡಿಕೆ ಹಾಳೆ, ಸೋಗೆ, ತರಗು ತಗಡಿನ ತಗ್ಗಿನಲ್ಲೂ ದಂಬೆಯಲ್ಲೂ (ಮಾಡಿನ ನೀರು ಹರಿಯುವ ದೋಣಿ) ಕೊಳೆತು ತೇವ ಹಿಡಿದಿಡುತ್ತವೆ. ಮೇ ಕೊನೆಗೊಮ್ಮೆ, ಜುಲೈಯಲ್ಲಿ ಮಳೆ ಬಿಟ್ಟ ಹೊಳವಿನಲ್ಲಿ ಒಮ್ಮೆ ಗಳುವಿನಿಂದ (ಉದ್ದ ಕೋಲಿನಿಂದ) ಎಳೆದು ಹಾಕಿ.

ಮುಚ್ಚುವುದು, ತೆರೆಯುವುದು

ಮಳೆಗಾಲಕ್ಕೆ ಮುಚ್ಚುವಾಗ ಕೊಳವೆಯ ತಲೆಗೆ ಹಳೆಯ ತಗಡಿನ ಡಬ್ಬ ಕವುಚಿ ತಂತಿ ಕಟ್ಟಿ. ಬಾಗಿಲನ್ನು ಪೂರ್ತಿ ಮುಚ್ಚಬೇಡಿ, ಬೆರಳು ಹೋಗುವಷ್ಟು ತೆರೆದಿಡಿ. ಪೂರ್ತಿ ಮುಚ್ಚಿದರೆ ಒಳಗಿನ ತೇವಕ್ಕೆ ದಾರಿಯಿಲ್ಲ, ಹಗ್ಗವೂ ನಾಲ್ಕು ತಿಂಗಳು ಒತ್ತಿಕೊಂಡು ಚಪ್ಪಟೆಯಾಗುತ್ತದೆ. ಸಂದಿಗೆ ಸಣ್ಣ ಜಾಲರಿ ಸಿಕ್ಕಿಸಿ. ಇಲ್ಲದಿದ್ದರೆ ಇಲಿ ಗೂಡು ಕಟ್ಟುತ್ತದೆ, ಇಲಿ ಹುಡುಕಿ ಹಾವು ಬರುತ್ತದೆ. ಕೊಳವೆ ಮುಚ್ಚಿದ್ದು ನೆನಪಿರಲೆಂದು ಬಾಗಿಲ ಚಿಲಕಕ್ಕೆ ಕೆಂಪು ಬಟ್ಟೆ ಕಟ್ಟಿ, ಅದರ ಅರ್ಥವನ್ನು ಕೆಲಸಕ್ಕೆ ಬರುವವರಿಗೂ ತಿಳಿಸಿ. ಡಬ್ಬ ತೆಗೆಯದೆ ಬೆಂಕಿ ಹಾಕಿದರೆ ಹೊಗೆ, ವಿಷಾನಿಲ ಎಲ್ಲ ನಿಂತವರ ಮುಖಕ್ಕೇ.

ತೆರೆಯುವಾಗ ಮೊದಲು ಡಬ್ಬ ಇಳಿಸಿ, ಒಂದು ಕೋಲಿನಿಂದ ಒಲೆಯೊಳಗೆ ತಡಕಿ, ಬಾಗಿಲು ಪೂರ್ತಿ ತೆರೆದು ಒಂದು ಹಗಲು ಗಾಳಿಗೆ ಬಿಡಿ. ಪೇಪರ್ ಪರೀಕ್ಷೆ ಮತ್ತೊಮ್ಮೆ ಮಾಡಿ. ಮೊದಲ ಎರಡು ದಿನ ಹಂಡೆಯಲ್ಲಿ ಬರೀ ನೀರು ತುಂಬಿ, ಸಂಜೆ ಒಂದೊಂದು ಗಂಟೆ ಪುರಳೆಯ ಸಣ್ಣ ಉರಿ ಸಾಕು. ಇಟ್ಟಿಗೆಯ ತೇವ ಹಬೆಯಾಗಿ ನಿಧಾನ ಹೋಗಬೇಕು, ಒಮ್ಮೆಲೇ ದೊಡ್ಡ ಕುಂಟೆ (ಮರದ ದಿಮ್ಮಿ) ಹಾಕಿದರೆ ಹೊಸ ಗಾರೆ ಸಿಡಿಯುತ್ತದೆ. ಈ ಎರಡು ದಿನ ಬಾಗಿಲ ಸುತ್ತ ಊದುಬತ್ತಿ ಹಿಡಿದು ನೋಡಿ. ಹೊಗೆಯ ಎಳೆ ಎಲ್ಲಿ ಒಳಕ್ಕೆ ಸೆಳೆಯುತ್ತದೋ ಅಲ್ಲಿ ಇನ್ನೂ ಸಂದಿಯಿದೆ. ನೀರು ಕುದಿ ಬಂದ ಮೇಲೆ ಹಂಡೆಯ ಪಕ್ಕ ಬಿಳಿ ಬಟ್ಟೆ ಹಾಸಿ ಅರ್ಧ ಗಂಟೆ ಬಿಡಿ. ಬಟ್ಟೆಯ ಮೇಲೆ ಕಂದು ಚುಕ್ಕೆ ಬಿದ್ದರೆ ಹನಿತಟ್ಟೆಯ ಓರೆ ಹೆಚ್ಚಿಸಿ, ಅಥವಾ ಅದನ್ನು ಆ ಬದಿಗೆ ಸರಿಸಿ. ಬಟ್ಟೆ ಬಿಳಿಯಾಗಿಯೇ ಉಳಿದ ಮೇಲೆ ಹಂಡೆಗೆ ಚೊಗರು ಹಾಕಬಹುದು.